ಕಿಟಕಿಯ ಎಡಗಡೆಯ ಪಟ್ಟಿ

ಆ ಮರದ ಪಟ್ಟಿಯೊಂದನ್ನು ಹೊಡೆದುಬಿಟ್ಟರೆ ಮನೆ ಮುಗಿದ ಹಾಗೆ ಎಂದು ಗಂಡ ಎದ್ದಾಗಿನಿಂದ ಹೇಳುತ್ತಲೇ ಇದ್ದ. ಬ್ರಷ್ಷು ಬಾಯಲ್ಲಿರುವಾಗ ಹೇಳಿದ, ಕಾಫಿ ಲೋಟ ಕೆಳಗಿಡುವಾಗ ಹೇಳಿದ, ಈಗ ಹೊರಗಿನಿಂದ ಕಿಟಕಿಯ ಗಾಜಿಗೆ ಮೂಗು ತಾಗಿಸಿ, ಕೈಸನ್ನೆಯಲ್ಲೇ ಆಯಿತಾ ಎಂದು ಕೇಳಿ ಹೋದ. ಅವಳು ಪಟ್ಟಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಮುಂದಿನ ಕೋಣೆಯ ನೆಲದ ಮೇಲೆ ಕೂತಿದ್ದಳು. ಆಯಿತೆಂದೂ ಆಗಿಲ್ಲವೆಂದೂ ಅರ್ಥ ಬರುವ ಹಾಗೆ ತಲೆಯಾಡಿಸಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಮೊದಲು ಕಲಿತ ಕಸುಬು ಈ ತಲೆಯಾಟ. ಮರಗೆಲಸ ಆಮೇಲೆ ಬಂದದ್ದು.

ಪಟ್ಟಿ ನಿನ್ನೆ ಸಂಜೆಯೇ ತಯಾರಾಗಿತ್ತು. ದೊಡ್ಡ ಕಿಟಕಿಯ ಚೌಕಟ್ಟಿಗೂ ಅದರ ಎಡಗಡೆಯ ಮೂಲೆಕಂಬಕ್ಕೂ ನಡುವೆ ಉಳಿದ ಸಂದನ್ನು ಮುಚ್ಚಲು ಮಾಡಿದ ಆಳೆತ್ತರದ ಪಟ್ಟಿ. ಮೇಲ್ತುದಿಯಲ್ಲಿ ಮೂರು ಬೆರಳು ಅಗಲ. ಕೆಳಗಿಳಿಯುತ್ತಾ, ಯಾರ ಕಣ್ಣಿಗೂ ಬೀಳದ ಹಾಗೆ, ಎರಡೇ ಬೆರಳು. ಕಿಟಕಿಯನ್ನು ಅವಳೇ ರಸಮಟ್ಟ ಹಿಡಿದು, ಅದರ ಗುಳ್ಳೆ ನಡುವೆ ನಿಲ್ಲುವವರೆಗೆ ಸರಿಸಿ ಕೂರಿಸಿದ್ದರಿಂದ ಅದು ನೇರವಾಗಿತ್ತು. ಕಂಬವನ್ನು ಗಂಡ ನಿಲ್ಲಿಸಿದ್ದ. ನಿನ್ನೆ ಪಟ್ಟಿಯನ್ನು ಸಂದಿಗೆ ಒತ್ತಿ ನೋಡಿದಾಗ ಅದು ಹಿಡಿದ ಉಸಿರಿನ ಹಾಗೆ ಒಳಗೆ ಹೋಗಿ ನಿಂತಿತ್ತು. ತೆಗೆಯಲು ಉಳಿ ಬೇಕಾಯಿತು. ಆಗಲೇ ಮೊಳೆ ಹೊಡೆದುಬಿಡಬಹುದಿತ್ತು. ಪಾಲಿಶ್ ಒಣಗಿಲ್ಲ ಅಂದಳು. ಪಾಲಿಶ್ ಒಣಗಿತ್ತು. ಬೆಳಿಗ್ಗೆ, ಸಣ್ಣ ಮೊಳೆ ಮುಗಿದಿದೆ ಅಂದಳು. ಮೊಳೆ ಅವಳ ಜೇಬಿನಲ್ಲೇ ಇದ್ದವು, ಕೂತಾಗ ಚುಚ್ಚುತ್ತಿದ್ದವು.

ಮನೆಯನ್ನು ತಾವೇ ಕಟ್ಟಬೇಕು ಅನ್ನುವುದು ಅವನ ಆಸೆ. ಕೆಲಸದಿಂದ ಬೇಗ ಬಿಡುಗಡೆ ತೆಗೆದುಕೊಂಡವನು ಗಿಡ ನೆಡಬಹುದಿತ್ತು, ಇಸ್ಪೀಟು ಆಡಬಹುದಿತ್ತು. ಅವನು ಊರಾಚೆಯ ಈ ಇಳಿಜಾರಿನಲ್ಲಿ ಮರದ ಮನೆ ಎಬ್ಬಿಸಿದ. ಕಂಬ ನಿಲ್ಲಿಸುವ ದಿನಗಳಲ್ಲಿ ಅವಳು ಕಂಬವನ್ನು ತಬ್ಬಿಕೊಂಡು ನಿಲ್ಲಬೇಕು, ಅವನು ದೂರ ಹೋಗಿ ಒಂದು ಕಣ್ಣು ಮುಚ್ಚಿ ನೋಡಬೇಕು. ಎಡಕ್ಕೆ. ಇನ್ನೂ ಎಡಕ್ಕೆ. ಹಾಂ, ಅಲ್ಲೇ. ರಸಮಟ್ಟ ತರಲಾ ಎಂದು ಅವಳು ಕೇಳಿದ್ದಳು. ನನ್ನ ಕಣ್ಣಿಗಿಂತ ದೊಡ್ಡ ರಸಮಟ್ಟ ಬೇಕಾ, ಅಂದಿದ್ದ. ಕೆನ್ನೆ ಮರಕ್ಕೆ ಒತ್ತಿದ್ದ ಅವಳಿಗೆ ಕಂಬ ತನ್ನ ಮೈಮೇಲೆ ವಾಲುತ್ತಿದೆ ಅನ್ನಿಸಿತ್ತು. ಮೈಮೇಲೆ ಏನಾದರೂ ವಾಲುವುದು ಹೊಸದೇನಲ್ಲ ಎಂದು ಸುಮ್ಮನಾಗಿದ್ದಳು. ಮಾಡು ಹೊದಿಸಿದ ದಿನ ಅವನು ಮೇಲೆ ಹತ್ತಿ ಎರಡೂ ಕೈ ಚಾಚಿ ನಿಂತ. ಮಗಳು ಫೋಟೋ ತೆಗೆದಳು. ಅಲ್ಲಿಗೆ ಅವನ ಪಾಲಿಗೆ ಮನೆ ಮುಗಿಯಿತು. ಬಂದವರಿಗೆಲ್ಲ, "ಒಳಗಡೆ ಸ್ವಲ್ಪ ಫಿನಿಶಿಂಗ್ ಇದೆ ಅಷ್ಟೇ" ಅನ್ನುತ್ತಿದ್ದ. ಆ 'ಅಷ್ಟೇ'ಯೊಳಗೆ ಬಾಗಿಲ ಸುತ್ತಿನ ಪಟ್ಟಿಗಳು, ಗೋಡೆಯ ಬುಡದ ಪಟ್ಟಿಗಳು, ಕಿಟಕಿಯ ಹಲಗೆಗಳು, ಕಪಾಟುಗಳು, ಹಾಗೂ ಅವಳ ಜೀವನದ ಒಂದಷ್ಟು ವರ್ಷಗಳು ಸೇರಿದ್ದವು.

ಮೊದಲು ಹಿಡಿದದ್ದು ಮಲಗುವ ಕೋಣೆಯ ಬಾಗಿಲು. ಎರಡು ಪಟ್ಟಿಗಳು ಮೂಲೆಯಲ್ಲಿ ಓರೆಯಾಗಿ ಕೂಡಬೇಕು. ಕೂಡಲಿಲ್ಲ. ಮತ್ತೆ ಕೊಯ್ದಳು, ಮತ್ತೆ ಕೂಡಲಿಲ್ಲ. ಕೊಯ್ದು ಕೊಯ್ದು ಪಟ್ಟಿ ಗಿಡ್ಡವಾಯಿತು, ಗಿಡ್ಡವಾದ ಪಟ್ಟಿ ಒಲೆಗೆ ಹೋಯಿತು. ಗಂಡ ಬಂದು ನೋಡಿ, "ಕೈ ಕೂತ್ಕೋಬೇಕು, ಅವಸರ ಮಾಡ್ಬೇಡ" ಎಂದು ಅವಳ ಬೆನ್ನು ತಟ್ಟಿ ಹೋಗುತ್ತಿದ್ದ. ಒಂದು ಮಧ್ಯಾಹ್ನ ಸಿಟ್ಟಿನಲ್ಲಿ ಮೂಲೆಮಟ್ಟವನ್ನು ಪಟ್ಟಿಯ ಬದಲು ಬಾಗಿಲಿಗೇ ಹಿಡಿದಳು. ಬಾಗಿಲು ಸೊಟ್ಟಗಿತ್ತು. ರಸಮಟ್ಟ ತಂದು ಗೋಡೆಗೆ ಹಿಡಿದಳು, ಪಕ್ಕದ ಕೋಣೆಗೆ ಹೋಗಿ ಅಲ್ಲೂ ಹಿಡಿದಳು. ಹಸಿರು ನೀರಿನೊಳಗಿನ ಗುಳ್ಳೆ ಹೋದಲ್ಲೆಲ್ಲ ಒಂದೇ ಕಡೆಗೆ ಓಡಿತು. ಇಡೀ ಮನೆ, ಯಾರೋ ಕರೆದ ಹಾಗಾಗಿ ತಿರುಗುವವರ ತರಹ, ಒಂದೇ ಬದಿಗೆ ವಾಲಿಕೊಂಡಿತ್ತು. ಆಗ ಅವಳಿಗಾದದ್ದು ಸಂತೋಷ. ಎಷ್ಟು ಸಂತೋಷವೆಂದರೆ, ಅದು ತನ್ನ ತಪ್ಪಲ್ಲ ಎಂದು ಗೊತ್ತಾದ ಖುಷಿಗೂ ಅದು ಅವನ ತಪ್ಪು ಎಂದು ಗೊತ್ತಾದ ಖುಷಿಗೂ ನಡುವೆ ಗೆರೆ ಎಳೆಯಲಾಗಲಿಲ್ಲ. ಅಂಗಳದಲ್ಲಿ ಅವನು ದಾರಿಹೋಕನೊಬ್ಬನಿಗೆ ಮನೆ ತೋರಿಸುತ್ತಿದ್ದ. ಹೊರಗೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಪಾಪ ಅನ್ನಿಸಿತು, ಎಂದು ಬಹಳ ಕಾಲ ನಂಬಿಕೊಂಡಿದ್ದಳು. ನಿಜವೆಂದರೆ, ಸೀರೆಗಳ ಅಡಿಯಲ್ಲಿ ಒಡವೆ ಇಟ್ಟ ಹಾಗೆ ಆ ಸೊಟ್ಟವನ್ನು ಒಳಗಿಟ್ಟುಕೊಂಡಳು. ಅವನು ಜೋರುಮಾಡಿದ ದಿನ ತೆಗೆದು ನೋಡಿ ಮತ್ತೆ ಮಡಿಚಿಡುತ್ತಿದ್ದಳು.

ಅಂದಿನಿಂದ ಅವಳ ಕೆಲಸ ಹಗುರಾಯಿತು. ನೇರ ಗೋಡೆ ಇದೆಯೆಂದು ನಂಬಿ ಮಾಡುವ ಕೆಲಸವೇ ಕಷ್ಟ. ಗೋಡೆ ಎಲ್ಲಿ ಹಿಂದೆ ಸರಿದಿದೆಯೋ ಅಲ್ಲಿ ಪಟ್ಟಿಯ ಬೆನ್ನಿಗೆ ತೆಳ್ಳನೆ ಚಕ್ಕೆ ತುಂಬಿದಳು, ಎಲ್ಲಿ ಉಬ್ಬಿದೆಯೋ ಅಲ್ಲಿ ಪಟ್ಟಿಯ ಬೆನ್ನನ್ನೇ ಕೀಸಿದಳು. ಮುಂದಿನಿಂದ ನೋಡಿದರೆ ಎಲ್ಲ ನೇರ, ಎಲ್ಲ ತಣ್ಣಗೆ. ಬಂದವರು ಬಾಗಿಲ ಮೂಲೆಯನ್ನು ಹೆಬ್ಬೆರಳಿನಿಂದ ಸವರಿ, ಕೂದಲೂ ತೂರದಲ್ಲ ಎಂದು ಬೆರಗಾಗಿ, ಗಂಡನ ಕಡೆ ತಿರುಗಿ, ಏನು ಕೈ ಸಾರ್ ನಿಮ್ಮದು ಅನ್ನುತ್ತಿದ್ದರು. ಅವನು ಸುಳ್ಳು ಹೇಳುವವನಲ್ಲ. "ಇವಳೂ ಸಹಾಯ ಮಾಡಿದಾಳೆ" ಅನ್ನುತ್ತಿದ್ದ. ಅವಳು ಟ್ರೇ ಹಿಡಿದು ನಿಂತಿರುತ್ತಿದ್ದಳು. ಮದುವೆಗೆ ಮುಂಚೆ, ಆಮೇಲೂ ಕೆಲವು ವರ್ಷ, ಒಂದು ಆಸ್ಪತ್ರೆಯ ಟೆಲಿಫೋನ್ ಬೋರ್ಡಿನಲ್ಲಿ ಕೂತವಳು. ಮಾತು ಕೂಡಿಸಿ ತಾನು ಆಚೆ ಸರಿದುಕೊಳ್ಳುವ ಕೆಲಸ. ಲೈನು ಕೆಟ್ಟರೆ ಮಾತ್ರ ಬೋರ್ಡಿನವಳ ನೆನಪು. ಮೊನ್ನೆ ಮಗಳು ಫೋನಿನಲ್ಲಿ, "ಅಮ್ಮಾ, ಅಪ್ಪನ ಮನೆ ಮುಗೀತಾ?" ಅಂದಾಗ, "ಮುಗೀತಾ ಬಂತು, ಅಪ್ಪನಿಗೆ ಕೊಡ್ಲಾ?" ಎಂದು ರಿಸೀವರು ದಾಟಿಸಿದ್ದಳು.

ಇವತ್ತು ಅತ್ತಿಗೆ ಬರುವವಳಿದ್ದಳು, ಗಂಡನ ಅಕ್ಕ. ಪಕ್ಕದ ಖಾಲಿ ಜಾಗ ಅವಳದೇ. ಹೊಲಿಗೆ ಅಂಗಡಿ ಮುಚ್ಚಿ ಮನೆಯಲ್ಲಿ ಕೂತಮೇಲೆ ಅವಳಿಗೂ ಇಲ್ಲೊಂದು ಮನೆ ಬೇಕೆನ್ನಿಸಿತ್ತು. "ಇವತ್ತು ಅಕ್ಕನಿಗೆ ಮಾತು ಕೊಟ್ಟುಬಿಡ್ತೀನಿ" ಎಂದು ಗಂಡ ರಾತ್ರಿ ಊಟಕ್ಕೆ ಕೂತಾಗ ಹೇಳಿದ್ದ. "ಕಂಬ, ಗೋಡೆ, ಮಾಡು ನಂದು. ಫಿನಿಶಿಂಗ್ ನಿಂದು. ಈಗ ನಿಂಗೂ ಕೈ ಕೂತಿದೆ." ಅವಳು ತಲೆಯಾಡಿಸಿದ್ದಳು. ಆಮೇಲೆ ಪಾತ್ರೆ ತಿಕ್ಕುವಾಗ, ಇನ್ನೊಂದು ಇಡೀ ಮನೆಯ ಬೆನ್ನಿಗೆ ಚಕ್ಕೆ ತುಂಬುತ್ತಾ ತನ್ನ ಕಣ್ಣು ಮಂಜಾಗುವುದು, ಬೆರಳು ಗಂಟಾಗುವುದು, ಟ್ರೇ ಹಿಡಿದು ನಿಲ್ಲುವುದು ಎಲ್ಲ ಸಾಲಾಗಿ ಕಂಡಿತು. ಹೇಳಬೇಕಾದರೆ ಇವತ್ತೇ ಹೇಳಬೇಕು. ಕಿಟಕಿಯ ಎಡಗಡೆಯ ಆ ಸಂದೊಂದೇ ಈಗ ಉಳಿದ ಸಾಕ್ಷಿ. ಮಿಕ್ಕಿದ್ದನ್ನೆಲ್ಲ ತನ್ನ ಕೈಯಾರೆ ಮುಚ್ಚಿದ್ದಾಳೆ. ಆದರೆ ಆ ಸಂದಿಗೆಂದು ಮಾಡಿದ ಪಟ್ಟಿ ಇಡೀ ಮನೆಯಲ್ಲೇ ಅವಳ ಅತಿ ಚೆಂದದ ಕೆಲಸ. ಅದನ್ನು ಹೊಡೆಯದೆ ಬಿಡಲು ಕೈ ಒಪ್ಪುತ್ತಿರಲಿಲ್ಲ, ಹೊಡೆಯಲು ಮನಸ್ಸು ಒಪ್ಪುತ್ತಿರಲಿಲ್ಲ. ಹೀಗೆ ತನ್ನ ಜಾಣತನಕ್ಕೆ ತಾನೇ ಕಾವಲು ಕೂತವಳ ಹಾಗೆ ಕೂತಿರುವಾಗ ಕೆಳಗಿನ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿತು.

"ನೀನೇ ಹೋಗಿ ಕರ್ಕೊಂಡು ಬಾ," ಅಂದ ಗಂಡ ಒಳಗೆ ಬಂದು. "ನಾನು ಇಲ್ಲಿ ಸ್ವಲ್ಪ ಒಪ್ಪ ಮಾಡಿರ್ತೀನಿ."

ಅವಳು ಪಟ್ಟಿಯನ್ನು ಬೆಂಚಿನ ಮೇಲಿಟ್ಟು ಹೋದಳು.

ಅತ್ತಿಗೆ ಏರು ಹತ್ತುವಾಗ ಪ್ರತಿ ತಿರುವಿನಲ್ಲೂ ನಿಂತಳು, ಪ್ರತಿ ಸಲವೂ ಅದು ದಣಿವಿಗಲ್ಲ, ನೋಟಕ್ಕೆ ಎಂದಳು. "ಏನೇ, ಹೀಗೆ ಸೊರಗಿದ್ದೀಯ? ಅವನು ಊಟ ಹಾಕ್ತಾನೋ ಇಲ್ವೋ?"

"ಅಡಿಗೆ ನಾನೇ ಮಾಡೋದು, ಅತ್ತಿಗೆ."

"ಅದಕ್ಕೇ ಕೇಳಿದ್ದು," ಎಂದು ನಕ್ಕು, ಅವಳ ಅಂಗೈಯನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. ಹೆಬ್ಬೆರಳ ಬುಡದಲ್ಲಿ ಕೀಸುಳಿ ಒತ್ತಿ ಒತ್ತಿ ಗಟ್ಟಿಯಾದ ಚರ್ಮವಿತ್ತು. ಅತ್ತಿಗೆ ತನ್ನ ಬೆರಳನ್ನು ತೋರಿಸಿದಳು. ಕತ್ತರಿಯ ಹಿಡಿ ಕೂತು ಕೂತು ಅಲ್ಲೂ ಅಂಥದೇ ಒಂದು. "ಒಳಗೆಲ್ಲ ನಿಂದೇ ಕೆಲಸ ಅಂತೆ?" ಎಂದು ಕೇಳಿದಳು. ಅವಳ ಎದೆ ಒಂದಿಷ್ಟು ಅರಳಿತು. "ಯಾರು ಹೇಳಿದ್ರು?" "ಅವನೇ. ಇವಳೂ ಸಹಾಯ ಮಾಡ್ತಾಳೆ ಅಂದ." ಅರಳಿದ್ದು ತನ್ನಷ್ಟಕ್ಕೆ ಮಡಿಚಿಕೊಂಡಿತು.

ಬಾಗಿಲು ತೆರೆದಾಗ ಮೊದಲು ಕಂಡದ್ದು ನೆಲದ ಮೇಲೆ ಬಿದ್ದ ಮರದ ಸುರುಳಿಗಳು. ಹೊಚ್ಚಹೊಸವು, ಇನ್ನೂ ಅಲುಗುತ್ತಿದ್ದವು. ಗಂಡ ಕೀಸುಳಿ ಹಿಡಿದು ಬೆವರೊರೆಸಿಕೊಳ್ಳುತ್ತಾ, ಪರೀಕ್ಷೆಯಲ್ಲಿ ಪಾಸಾದವನ ಮುಖ ಹೊತ್ತು ನಿಂತಿದ್ದ.

"ನೋಡು, ನಿನ್ನ ಪಟ್ಟಿ ಸೊಟ್ಟಗಿತ್ತು. ಮೇಲೆ ಅಗಲ, ಕೆಳಗೆ ಸಣ್ಣ. ಅದಕ್ಕೇ ಹೊಡೀದೆ ಕೂತಿದ್ದೆ ಅಂತ ಈಗ ಗೊತ್ತಾಯ್ತು. ಬಾಯಿಬಿಟ್ಟು ಹೇಳೋದಲ್ವಾ? ಉದ್ದಕ್ಕೂ ಒಂದೇ ಅಗಲ ಮಾಡಿ, ದೊಡ್ಡ ಮೊಳೆಯಲ್ಲೇ ಹೊಡೆದುಬಿಟ್ಟೆ."

ಹೊಡೆದೂ ಆಗಿತ್ತು. ಪಟ್ಟಿ ಕಿಟಕಿಗೆ ಆತುಕೊಂಡು ಸೂಜಿಯಷ್ಟು ನೇರವಾಗಿ ನಿಂತಿತ್ತು. ಅದಕ್ಕೂ ಕಂಬಕ್ಕೂ ನಡುವೆ, ಬುಡದಲ್ಲಿ ಏನೂ ಇಲ್ಲದೆ, ಮೇಲೇರುತ್ತಾ ಅಗಲವಾಗಿ, ಮಾಡಿನ ಹತ್ತಿರ ಒಂದು ಬೆರಳು ತೂರುವಷ್ಟು ಕಪ್ಪು ಸಂದು. ಅದರೊಳಗಿಂದ ಗಾಳಿ ಸಣ್ಣಗೆ ಬೀಸುತ್ತಿತ್ತು. ಅಳು ಬರುತ್ತದೆಂದು ಅವಳು ಅಂದುಕೊಂಡಳು. ಬಂದದ್ದು ಲೆಕ್ಕವಿಲ್ಲದ ದಣಿವು. ಅವನ ಕಣ್ಣಿಗೆ ಸೊಟ್ಟ ಪಟ್ಟಿ ಕಂಡಿತು, ಸೊಟ್ಟ ಕಂಬ ಕಾಣಲಿಲ್ಲ. ಹೇಗೆ ಕಂಡೀತು? ಈ ಮನೆಯಲ್ಲಿ ಸೊಟ್ಟ ಅನ್ನುವುದಿದೆ ಎಂದು ಅವನಿಗೆ ಯಾರು ಹೇಳಿದ್ದಾರೆ?

ಅತ್ತಿಗೆ ಮನೆಯೆಲ್ಲ ಸುತ್ತಿ ಬಂದು ಕಿಟಕಿಯ ಮುಂದೆ ನಿಂತಳು. "ಎಲ್ಲ ಚೆನ್ನಾಗಿದೆ ಕಣೋ. ಇದೊಂದ್ಯಾಕೆ ಹೀಗೆ ಬಾಯಿಬಿಟ್ಟಿದೆ?"

ಗಂಡ ಸಂದನ್ನು ಆಗ ನೋಡಿದ. ನೋಡಿ, ಹೆಂಡತಿಯ ಮುಖ ನೋಡಿದ, ಧ್ವನಿ ಮೆತ್ತಗೆ ಮಾಡಿದ. "ಅಳತೆ ಸ್ವಲ್ಪ ತಪ್ಪಿದೆ, ಅಷ್ಟೇ. ಹೋಗ್ಲಿ ಬಿಡು ಅಕ್ಕ, ಇಷ್ಟು ಮಾಡಿರೋದೇ ದೊಡ್ಡದು ಅವಳು. ಪುಟ್ಟಿ ತುಂಬಿದ್ರೆ ಆಯ್ತು."

ಅವನು ನಿಜವಾಗಿಯೂ ಅವಳನ್ನು ಕಾಪಾಡುತ್ತಿದ್ದ. ಅದೇ ತಮಾಷೆ. ಅವಳು ಕಾಫಿ ತರುತ್ತೇನೆಂದು ಅಡಿಗೆಮನೆಗೆ ಹೋದಳು. ಹಾಲು ಒಲೆಯ ಮೇಲಿಡುವಷ್ಟರಲ್ಲಿ ಹಿಂದೆಯೇ ಅತ್ತಿಗೆ ಬಂದಳು, ಬಾಗಿಲು ಮುಂದೆ ಮಾಡಿದಳು. ಅವಳ ಕೈಯಲ್ಲೊಂದು ಮರದ ಸುರುಳಿ ಇತ್ತು.

"ಪಟ್ಟಿ ಸೊಟ್ಟ ಇರ್ಲಿಲ್ಲ ಅಲ್ವಾ?"

ಅವಳು ಹಾಲನ್ನೇ ನೋಡುತ್ತಾ, "ಇರ್ಲಿಲ್ಲ" ಅಂದಳು.

"ನೀನು ಬೇಕಂತ್ಲೇ ಹಾಗೆ ಕೊಯ್ದಿದ್ದೆ. ಕಂಬಕ್ಕೆ ಸರಿಯಾಗಿ."

"ಹೂಂ."

"ಚೆನ್ನಾಗಿ ಮಾಡಿದ್ದೀಯ ಕಣೇ. ಬಾಗಿಲುಗಳನ್ನೂ ನೋಡ್ದೆ. ಹೊಲಿಗೆ ಹಾಕಿದ್ದೇ ಕಾಣದ ಹಾಗೆ ಹೊಲಿದಿದ್ದೀಯ." ಅತ್ತಿಗೆ ಸುರುಳಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅವನ ಎಡಗಡೆ ಭುಜ ಇಳಿದಿದೆ, ಗೊತ್ತಲ್ಲ?"

ಅವಳು ತಿರುಗಿ ನೋಡಿದಳು.

"ಗೊತ್ತಿಲ್ವಾ? ಹುಟ್ಟಿದಾಗಿಂದ. ತಲೆನೂ ಆ ಕಡೆಗೇ ವಾಲಿಸ್ತಾನೆ. ಹುಡುಗರು ಆಡ್ಕೋತಾರೆ ಅಂತ ಅಮ್ಮ ನನ್ನ ಕೈಲಿ ಶರ್ಟು ಹೊಲಿಸ್ತಿದ್ಲು. ಎಡಗಡೆ ಭುಜಕ್ಕೆ ಒಳಗೊಂದು ಪದರ ಜಾಸ್ತಿ. ಅವನಿಗೆ ಹೇಳ್ಬೇಡ ಅಂತಿದ್ಲು. ಈಗ್ಲೂ ಅವನ ಶರ್ಟೆಲ್ಲ ನಾನೇ ಹೊಲಿದು ಕಳಿಸ್ತೀನಲ್ಲ, ಯಾಕೆ ಅಂದ್ಕೊಂಡೆ? ಪ್ರೀತಿಗೆ ಅಂತಾನಾ?"

ಹಾಲು ಉಕ್ಕಿತು. ಒಲೆ ಆರಿಸುತ್ತಾ ಅವಳು ಆ ಭುಜವನ್ನು ನೆನೆಯಲು ನೋಡಿದಳು. ಎಷ್ಟು ವರ್ಷ ಅದರ ಮೇಲೆ ತಲೆ ಇಟ್ಟಿದ್ದಾಳೆ. ಆ ಶರ್ಟುಗಳನ್ನು ಒಗೆದಿದ್ದಾಳೆ, ಇಸ್ತ್ರಿ ಹಾಕಿದ್ದಾಳೆ, ಎಡಗಡೆ ಬಟ್ಟೆ ದಪ್ಪ ಇದೆಯೆಂದು ಇಸ್ತ್ರಿಯನ್ನು ಹೆಚ್ಚು ಒತ್ತಿದ್ದಾಳೆ. ಕೂದಲೆಳೆಯ ಓರೆಯನ್ನು ಹಿಡಿಯುವ ತನ್ನ ಕಣ್ಣಿಗೇ ಅದು ಬಿದ್ದಿರಲಿಲ್ಲ. ಗುಟ್ಟು ತನ್ನೊಬ್ಬಳದು ಎಂದುಕೊಂಡಿದ್ದಳು. ನೋಡಿದರೆ ಅದಕ್ಕೆ ಹಿರಿಯ ಪಾಲುಗಾರ್ತಿಯೊಬ್ಬಳಿದ್ದಾಳೆ, ಅವಳಿಗಿಂತ ಹಿಂದೆ ಅತ್ತೆ. ಮೂವರೂ ಸೇರಿ ಒಬ್ಬ ಗಂಡಸನ್ನು ನೇರ ಮಾಡಿ ಲೋಕಕ್ಕೆ ಕಳಿಸಿದ್ದಾರೆ. ಅವನು ಹೋಗಿ ಮನೆ ಕಟ್ಟಿದ್ದಾನೆ.

"ನೀನೂ ಹೇಳ್ಬೇಡ," ಅಂದಳು ಅತ್ತಿಗೆ, ಬೀಗದ ಕೈ ಒಪ್ಪಿಸುವವಳ ಹಾಗೆ. "ಕುಗ್ಗಿ ಹೋಗ್ತಾನೆ. ನನ್ನ ಮನೆಗೂ ನೀನಿರ್ತೀಯಲ್ಲ, ಇನ್ನೇನು ಚಿಂತೆ."

ಮೊದಲ ಸಲ ಒಬ್ಬರು ತನ್ನ ಕೆಲಸವನ್ನು ಕಂಡಿದ್ದರು. ಕಂಡವರು ಬಾಯಿಗೆ ಬೆರಳಿಟ್ಟು ಸುಮ್ಮನಿರು ಅನ್ನುತ್ತಿದ್ದರು. ಅವಳು ಟ್ರೇ ಎತ್ತಿಕೊಂಡಳು.

ಮುಂದಿನ ಕೋಣೆಯಲ್ಲಿ ಗಂಡ ಕಿಟಕಿಯಾಚೆಗಿನ ಖಾಲಿ ಜಾಗದ ಕಡೆ ಕೈ ಚಾಚಿದ್ದ. "ಅಕ್ಕ, ಮಾತು ಅಂದ್ರೆ ಮಾತು. ಮುಂದಿನ ವಾರಾನೇ ಕಂಬ ತರಿಸ್ತೀನಿ. ಇದೇ ಥರ, ಇಷ್ಟೇ ನೇರ."

"ಈ ಮನೆ ನೇರ ಇಲ್ಲ," ಅಂದಳು ಅವಳು.

ಟ್ರೇಯನ್ನು ಬೆಂಚಿನ ಮೇಲಿಟ್ಟಳು. ಅತ್ತಿಗೆ ಕಣ್ಣು ಹಿಗ್ಗಿಸಿ ಬೇಡ ಅಂದಳು. ಗಂಡ ನಕ್ಕ.

"ಏನಂದೆ?"

"ಗೋಡೆಗಳು ವಾಲಿವೆ. ಕಂಬಗಳೂ."

"ನೋಡಕ್ಕ ಇವಳ್ನ. ಗೋಡೆ ವಾಲಿದ್ರೆ ನಿನ್ನ ಪಟ್ಟಿಗಳೆಲ್ಲ ಇಷ್ಟು ಚೆನ್ನಾಗಿ ಕೂತ್ಕೋತಿದ್ವಾ? ಹೇಳು. ನೀನೇ ಹೇಳು."

ಅವಳ ಅಷ್ಟು ವರ್ಷದ ಕೆಲಸ ಎದ್ದು ಬಂದು ಅವನ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಅವನೇ ಬೆಂಚಿನಿಂದ ರಸಮಟ್ಟ ಎತ್ತಿಕೊಂಡು ಬಾಗಿಲಿನ ಪಟ್ಟಿಗೆ ಹಿಡಿದ. ಗುಳ್ಳೆ ನಟ್ಟನಡುವೆ ನಿಂತಿತು. ಕಪಾಟಿಗೆ ಹಿಡಿದ. ನಡುವೆ. ಗೆದ್ದವನ ಉದಾರತೆಯಿಂದ, "ಸಾಕಾ, ಇನ್ನೂ ಬೇಕಾ?" ಅಂದ.

"ಅದು ನನ್ನ ಪಟ್ಟಿ," ಅಂದಳು. "ಕಂಬಕ್ಕೆ ಹಿಡೀರಿ."

ಕಿಟಕಿಯ ಎಡಗಡೆಯ ಆ ಕಂಬಕ್ಕೆ ಅವನು ರಸಮಟ್ಟ ಆನಿಸಿದ. ಗುಳ್ಳೆ ನಡುವಿನ ಗೆರೆಗಳನ್ನು ದಾಟಿ ಹೋಗಿ ತುದಿಯಲ್ಲಿ ಅಂಟಿಕೊಂಡಿತು. ಅವನು ಬೆರಳಿನಿಂದ ತಟ್ಟಿದ. ಗುಳ್ಳೆ ಅಲುಗಿ ಮತ್ತೆ ಅಲ್ಲೇ ಕೂತಿತು.

"ಬ್ಯಾಟರಿ ಹೋಗಿರ್ಬೇಕು," ಅಂದಳು ಅತ್ತಿಗೆ.

"ಇದಕ್ಕೆ ಬ್ಯಾಟರಿ ಇಲ್ಲ ಅಕ್ಕ," ಎಂದು ಅವನು ರಸಮಟ್ಟವನ್ನು ತಿರುಗಿಸಿ ಮತ್ತೆ ಹಿಡಿದ. ಸುಳ್ಳು ಹೇಳುವ ರಸಮಟ್ಟ ತಿರುಗಿಸಿದರೆ ಬೇರೆ ಮಾತು ಹೇಳಿ ಸಿಕ್ಕಿಬೀಳುತ್ತದೆ. ಅಷ್ಟು ಅವನಿಗೂ ಗೊತ್ತಿತ್ತು. ಇದು ಸಿಕ್ಕಿಬೀಳಲಿಲ್ಲ. ಅವನು ಕಂಬದ ಮುಂದೆ ಹಾಗೇ ನಿಂತ. ಹಿಂದಿನಿಂದ ನೋಡುತ್ತಿದ್ದ ಅವಳಿಗೆ ಈಗ ಆ ಭುಜ ಕಂಡಿತು, ಶರ್ಟಿನ ಪದರದ ಅಡಿಯಲ್ಲೂ ಕಂಡಿತು. ಕಂಬವೂ ಅವನೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ವಾಲಿದ್ದರು. ಅವನು ಮೋಸ ಮಾಡಿರಲಿಲ್ಲ, ಉಡಾಫೆಯನ್ನೂ ಮಾಡಿರಲಿಲ್ಲ. ತನಗೆ ಕಂಡ ನೇರವನ್ನು ಪ್ರಾಮಾಣಿಕವಾಗಿ ನಿಲ್ಲಿಸಿದ್ದ.

"ಇದೊಂದೇನಾ?" ಎಂದು ತಿರುಗದೆ ಕೇಳಿದ.

ಇದೊಂದೇ, ಅನ್ನಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಂದುಬಿಟ್ಟರೆ ಎಲ್ಲರೂ ಕಾಫಿ ಕುಡಿಯಬಹುದು. ಮುಂದಿನ ವಾರ ಕಂಬ ಬರುತ್ತವೆ, ಅವಳು ತಬ್ಬಿಕೊಂಡು ನಿಲ್ಲುತ್ತಾಳೆ.

"ಎಲ್ಲಾ," ಅಂದಳು.

"ಬಾಗಿಲು?"

"ಬಾಗಿಲೂ."

"ಮಲಗೋ ಕೋಣೆ?"

"ಅಲ್ಲೇ ಜಾಸ್ತಿ."

ಅವನು ರಸಮಟ್ಟ ಹಿಡಿದು ಒಳಗೆ ಹೋದ. ಒಂದೊಂದು ಪಟ್ಟಿಗೂ ಅದು ತಾಗುವ ಸಣ್ಣ ಸದ್ದು ಇವರಿಬ್ಬರಿಗೂ ಕೇಳುತ್ತಿತ್ತು, ಆಮೇಲೆ ಹೆಜ್ಜೆ, ಮುಂದಿನ ಪಟ್ಟಿ. ಅಲ್ಲೆಲ್ಲ ಗುಳ್ಳೆ ನಡುವೆಯೇ ನಿಲ್ಲುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಈಗಷ್ಟೇ ಅವನನ್ನು ಗೆಲ್ಲಿಸಿದ್ದ ಆ ಗುಳ್ಳೆ ಈಗ ಪ್ರತಿ ಬಾಗಿಲಲ್ಲೂ ಬೇರೇನೋ ಹೇಳುತ್ತಿರಬೇಕು. ಇಷ್ಟು ದಿನ ಮಡಿಚಿಟ್ಟದ್ದನ್ನು ತೆಗೆದುಕೊಟ್ಟಾಗ ಕೈ ಬರಿದಾಯಿತು, ಹಗುರವೇನೂ ಆಗಲಿಲ್ಲ. ಖುಷಿಗಾಗಿ ಒಳಗೆ ಹುಡುಕಿದಳು. ಇಲ್ಲಿಯೇ ಎಲ್ಲೋ ಇಟ್ಟಿದ್ದೆನಲ್ಲ ಅನ್ನುವ ಹಾಗೆ.

"ಹೇಳ್ಬೇಡ ಅಂದೆ," ಅಂದಳು ಅತ್ತಿಗೆ.

"ಅಂದ್ರಿ."

"ಈಗ ನನ್ನ ಮನೆ ಯಾರು ಕಟ್ತಾರೆ?"

"ಕಾಫಿ ಆರ್ತಿದೆ ಅತ್ತಿಗೆ, ತಗೊಳ್ಳಿ."

ಗಂಡ ಹಿಂತಿರುಗಿ ಬಂದು ಬಾಗಿಲಲ್ಲಿ ನಿಂತ. ಬಂದವರೆಲ್ಲ ಮಾಡುತ್ತಿದ್ದ ಹಾಗೆ, ಎರಡು ಪಟ್ಟಿ ಕೂಡಿದ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದ. ಅವನು ಹಾಗೆ ಮಾಡಿದ್ದನ್ನು ಅವಳು ಈವರೆಗೆ ನೋಡಿರಲಿಲ್ಲ.

"ಇದರ ಹಿಂದೆಲ್ಲ ಏನು ತುಂಬಿದ್ದೀಯ?"

"ಮರದ ಚಕ್ಕೆ. ರಟ್ಟು. ಮಲಗೋ ಕೋಣೆ ಬಾಗಿಲಿಗೆ ನಿಮ್ಮ ಹಳೇ ಬಾಚಣಿಗೆ."

"ಅದನ್ನ ನಾನೆಷ್ಟು ಹುಡುಕಿದೆ."

"ಗೊತ್ತು. ನಾನೂ ಜೊತೆಗೆ ಹುಡುಕಿದ್ದೆ."

ಅವನು ನಗಲಿಲ್ಲ, ರೇಗಲೂ ಇಲ್ಲ. ಕುರ್ಚಿಯಲ್ಲಿ ಕೂತು, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅದರೊಳಗಿನ ಕಾಫಿ ಯಾವ ಕಡೆಗೆ ವಾಲಿದೆ ಎಂದು ನೋಡುವವನ ಹಾಗೆ ಬಗ್ಗಿ ನೋಡಿದ. ಅತ್ತಿಗೆ ತಮ್ಮನ ಭುಜದ ಕಡೆ ನೋಡಿ, ತನ್ನ ಲೋಟ ಎತ್ತಿಕೊಂಡಳು. ಆ ವಿಷಯ ಅತ್ತಿಗೆಯದು, ಅವಳೇ ನೋಡಿಕೊಳ್ಳಲಿ. ಎಡಗಡೆಯ ಸಂದಿನಿಂದ ಗಾಳಿ ಬಂದು ನೆಲದ ಸುರುಳಿಗಳನ್ನು ಉರುಳಿಸಿತು.

ಅವಳು ಹೋಗಿ ಉಳಿ ತಂದಳು, ಅವನು ಹೊಡೆದ ಪಟ್ಟಿಯನ್ನು ಕಿತ್ತಳು. ಮೂಲೆಯಲ್ಲಿ ಒರಗಿಸಿದ್ದ ಹಲಗೆಗಳಲ್ಲಿ ಅಗಲವಾದದ್ದೊಂದನ್ನು ಆರಿಸಿ, ಅವನ ಮುಂದೆ ಹಿಡಿದು ನಿಂತಳು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತಾಯಿತು. ಎದ್ದು ಬಂದು ಹಲಗೆ ತೆಗೆದುಕೊಂಡ, ಕಂಬಕ್ಕೆ ಆನಿಸಿದ, ಅದಕ್ಕೆ ಕೆನ್ನೆ ಒತ್ತಿ ತಬ್ಬಿಕೊಂಡು ನಿಂತ. ಅವಳು ಕಂಬದ ಓರೆಯನ್ನು ಹಲಗೆಯ ಮೇಲೆ ಗುರುತಿಸಲು ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದು, ನೋಡಲು ದೂರ ಹೋದಳು.

"ಎಡಕ್ಕೆ," ಅಂದಳು. "ಇನ್ನೂ ಸ್ವಲ್ಪ. ಕಂಬಕ್ಕೆ ಅಂಟಿಸಿ."

ಅವನು ಸರಿಸಿದ. ಹಲಗೆಯ ಹಿಂದಿನಿಂದ ಧ್ವನಿ ಬಂತು. "ಈಗ ನೇರ ಇದೆಯಾ?"

"ಇಲ್ಲ," ಅಂದಳು. "ಹಾಗೇ ಹಿಡ್ಕೊಳ್ಳಿ."